ದಾರಿಯ ಲೆಕ್ಕ ಎಲ್ಲಿ ಸಿಗುತ್ತದೆ?

‘ದಾರಿ ಯಾವುದಾದರೇನು, ಮುಟ್ಟಿದರಾಯಿತು, ವಿಜ್ಞಾನವೂ ಇದನ್ನೇ ಹೇಳುತ್ತದೆ’ ಎಂಬ ಮಾತು ವೇದಿಕೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ವಿಜ್ಞಾನ ಹೇಳುವುದು ಅದರಲ್ಲಿ ಅರ್ಧವನ್ನು ಮಾತ್ರ.

ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹರಿಹರದಿಂದ ಒಬ್ಬ ಬಸ್ಸಿನಲ್ಲಿ ಬರುತ್ತಾನೆ, ಇನ್ನೊಬ್ಬ ನಡೆದು. ಎರಡೂ ಊರುಗಳ ನೆಲದ ಎತ್ತರದಲ್ಲಿರುವ ವ್ಯತ್ಯಾಸ ಇಬ್ಬರಿಗೂ ಒಂದೇ. ಸುರಿದ ಬೆವರು ಒಂದೇ ಅಲ್ಲ. ಎತ್ತರ ಸ್ಥಿತಿ ಫಲನ, ಈಗ ಎಲ್ಲಿದ್ದೀರಿ ಎಂಬುದಷ್ಟೇ ಅದಕ್ಕೆ ಸಾಕು. ಬೆವರು ಪಥ ಫಲನ, ಹೇಗೆ ಬಂದಿರಿ ಎಂದು ಕೇಳದೆ ಅದರ ಲೆಕ್ಕ ಹತ್ತದು.

ಈಗ ತುಂಗಭದ್ರೆಯ ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 35 ಡಿಗ್ರಿಗೆ ಏರಿಸೋಣ. ಒಲೆಯ ಮೇಲಿಟ್ಟರೆ ಸುಮಾರು 42 ಕಿಲೋಜೂಲ್ ಉಷ್ಣ ನೀರಿಗೆ ಸೇರಬೇಕು. ಬೆಂಕಿಯೇ ಇಲ್ಲದೆ, ಕಾವು ಸೋರದ ಪಾತ್ರೆಯಲ್ಲಿ ಕಡೆದೂ ಕಡೆದೂ ಏರಿಸಬಹುದು. 1840ರ ದಶಕದಲ್ಲಿ ಜೂಲ್ ನೀರಿನಲ್ಲಿ ರೆಕ್ಕೆ ತಿರುಗಿಸಿ ತೋರಿಸಿದ್ದು ಇದನ್ನೇ. ಆಗ ಉಷ್ಣ ಸೊನ್ನೆ, ಕೆಲಸ 42. ಎರಡೂ ಪಾತ್ರೆಗಳಲ್ಲಿ ಆಂತರಿಕ ಶಕ್ತಿ ಏರಿದ್ದು ಅಷ್ಟಷ್ಟೇ. ಯಾವ ನೀರು ಒಲೆ ಕಂಡಿತ್ತು ಎಂದು ಪರೀಕ್ಷಿಸಿ ಹೇಳಲು ಯಾರಿಂದಲೂ ಆಗದು.

ನೀರಿಗೆ ದಾರಿ ನೆನಪಿಲ್ಲ, ನಿಜ. ಆದರೆ ಒಂದು ಕಡೆ ಸೌದೆ ಉರಿದಿದೆ, ಇನ್ನೊಂದು ಕಡೆ ತೋಳು ಸೋತಿದೆ. ದಾರಿಯ ಖರ್ಚು ಪಾತ್ರೆಯ ಹೊರಗೆ ಬಿದ್ದಿರುತ್ತದೆ. ಮುಟ್ಟಿದರಾಯಿತು ಎನ್ನುವವರು ಸಾಮಾನ್ಯವಾಗಿ ಸೌದೆ ಒಡೆದವರಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಹಳೆಯದು: ‘ಈ ನೀರಿನಲ್ಲಿ ಇಷ್ಟು ಉಷ್ಣವಿದೆ’ ಎನ್ನುವುದು. ಉಷ್ಣ ದಾಟುವಾಗ ಮಾತ್ರ ಉಂಟು. ದಾಟಿದ ಮೇಲೆ ಉಳಿಯುವುದು ಆಂತರಿಕ ಶಕ್ತಿ. ಲಾವೋಸಿಯೆ 1789ರಲ್ಲಿ ಉಷ್ಣವನ್ನು ‘ಕ್ಯಾಲೊರಿಕ್’ ಎಂದು ಕರೆದು, ಮೂಲವಸ್ತುಗಳ ಪಟ್ಟಿಯಲ್ಲಿ ಆಮ್ಲಜನಕದ ಜೊತೆಗೇ ಕೂರಿಸಿದ. ರಸಾಯನಶಾಸ್ತ್ರದಲ್ಲಿ ದೊಡ್ಡವನೇ, ಆದರೆ ತೆರಿಗೆ ವಸೂಲಿಯವನಾಗಿದ್ದ ಅವನಿಗೆ ಎಲ್ಲವೂ ಪೆಟ್ಟಿಗೆಯಲ್ಲಿಟ್ಟು ಎಣಿಸುವ ಸರಕಾಗಿಯೇ ಕಂಡಿರಬೇಕು. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವ ತಿಕ್ಕಾಟದಿಂದಲೇ ನೀರು ಕುದಿಸಿದ ರಮ್‌ಫೋರ್ಡ್, 1798ರಲ್ಲಿ ಆ ಪೆಟ್ಟಿಗೆ ಒಡೆದ.

ಹರಿಹರದವರಿಗೆ ರಮ್‌ಫೋರ್ಡ್ ಬೇಕಿಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇತ್‌ಗಳನ್ನೇ ತಯಾರಿಸುತ್ತಿತ್ತು. ಲೇತ್ ಮುಂದೆ ನಿಂತವರಿಗೆ ಗೊತ್ತು, ಹರಿತವಾದ ಟೂಲ್ ತಗುಲಿದಾಗ ಉಕ್ಕಿನ ಸುರುಳಿ ನೀಲಿಗಟ್ಟಿ, ಕೈಸುಡುವಷ್ಟು ಕಾದು ಉದುರುತ್ತದೆ. ಆ ಕಾವು ಉಕ್ಕಿನೊಳಗೆ ತುಂಬಿಟ್ಟಿದ್ದ ಸರಕಾಗಿದ್ದರೆ ಎಂದೋ ಮುಗಿಯಬೇಕಿತ್ತು. ಮೋಟಾರ್ ತಿರುಗುವಷ್ಟು ಹೊತ್ತೂ ಅದು ಬರುತ್ತಲೇ ಇರುತ್ತದೆ, ಅದರ ಲೆಕ್ಕ ಕರೆಂಟ್ ಬಿಲ್ಲಿನಲ್ಲಿ ಸಿಗುತ್ತದೆ.