ಜಗಲಿಗೂ ಒಂದು ಪಾಸ್‌ವರ್ಡ್

ದುಡ್ಡು ಕೊಟ್ಟು ತಂದದ್ದು ನಮ್ಮದು ಎನ್ನುವ ಲೆಕ್ಕ ವೈಫೈ ವಿಷಯದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಸರ್ಜಾಪುರದ ಹಳೇ ಊರಿನ ನಮ್ಮ ಮನೆಗೆ ಫೈಬರ್ ಬಂದಾಗ ನನ್ನ ಗಮನಕ್ಕೆ ಮೊದಲು ಬಂದದ್ದು ಇದೇ. ಕಂಬದಿಂದ ಕೇಬಲ್ ಎಳೆದ ಹುಡುಗ ನಡುಮನೆಯ ಗೂಡಿನಲ್ಲಿ ರೂಟರ್ ಕೂರಿಸಿ ಹೋದ. ಉಳಿದದ್ದನ್ನು ನಾನೇ ಮಾಡಿಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳಿಗೆ ಅದೇನೂ ದೊಡ್ಡ ಕೆಲಸವಲ್ಲ. ಫೋನ್ ಹಿಡಿದು ಕೋಣೆ ಕೋಣೆ ಸುತ್ತಿದರೆ, ದಪ್ಪ ಮಣ್ಣಿನ ಗೋಡೆ ದಾಟಿ ಅಡುಗೆಮನೆಗೆ ಸಿಗ್ನಲ್ ಹೋಗುತ್ತಲೇ ಇಲ್ಲ. ದೇವರ ಮನೆಯಲ್ಲಿ ಒಂದೇ ಗೆರೆ. ಕಿಟಕಿಯಿಂದ ಹೊರಬಿದ್ದ ಅಲೆ ಮಾತ್ರ ಎದುರುಸಾಲಿನ ಬಾಡಿಗೆ ಕೋಣೆಗಳ ತನಕ ಧಾರಾಳವಾಗಿ ತಲುಪುತ್ತದೆ. ಒಲೆಯ ಮುಂದೆ ನನಗೆ ಸಿಗದ್ದು, ಕೆಲಸ ಮುಗಿಸಿ ಬಂದು ಬೀದಿಯಾಚೆ ಕೂತ ಗಾರೆ ಕೆಲಸದವರಿಗೆ ಸಿಗುತ್ತದೆ. ಸಿಗುತ್ತದೆ, ಬೀಗ ಹಾಕಿಕೊಂಡು.

ರೂಟರ್ ತನ್ನ ಹೆಸರನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಿರುತ್ತದೆ. ಫೋನಿನಲ್ಲಿ ಕಾಣುವ ವೈಫೈ ಹೆಸರುಗಳ ಪಟ್ಟಿ ಹುಟ್ಟುವುದು ಅದರಿಂದಲೇ. ಅಲೆ ಆ ಕೋಣೆಗಳಿಗೆ ಯಾರನ್ನೂ ಕೇಳದೆ ನುಗ್ಗುತ್ತದೆ. ಅದನ್ನು ಬಳಸಬೇಕಾದರೆ ಮಾತ್ರ ಅವರು ನನ್ನನ್ನು ಕೇಳಬೇಕು. ಇದು ನ್ಯಾಯವೇ? ಎಲ್ಲರ ಆಕಾಶದಲ್ಲಿ ಬೇಲಿ ಹಾಕಿಕೊಳ್ಳಲು ತಿಂಗಳ ಬಿಲ್ಲು ಕಟ್ಟಿದರೆ ಸಾಕೇ? ತಂತ್ರಜ್ಞಾನದ ವಿಷಯ ಎಂದು ಇದನ್ನು ತಳ್ಳಿಹಾಕಲು ನನ್ನಿಂದ ಆಗಲಿಲ್ಲ. ಅಸ್ತೇಯ, ಅಪರಿಗ್ರಹ, ದಾಸೋಹ ಎಂದು ನಮ್ಮ ಹಿಂದಿನವರು ಯೋಚಿಸಿದ್ದೆಲ್ಲ ಇದೇ ಪ್ರಶ್ನೆಯ ಸುತ್ತ.

ಆಕಾಶ ಯಾರದ್ದು ಎಂಬುದಕ್ಕೆ ಕಾನೂನು ಸ್ಪಷ್ಟವಾಗಿಯೇ ಉತ್ತರ ಕೊಟ್ಟಿದೆ. 1995ರ ಫೆಬ್ರುವರಿಯಲ್ಲಿ, ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ, ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟು ಹೇಳಿತು. ಮೊಬೈಲ್ ಕಂಪನಿಗಳು ಸಾವಿರಾರು ಕೋಟಿ ಸುರಿದು ಹರಾಜಿನಲ್ಲಿ ಹಿಡಿಯುವ ತರಂಗಗಳು ಬೇರೆ. ವೈಫೈ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಗೆ ನಮ್ಮಲ್ಲಿ 2005ರಿಂದ ಪರವಾನಗಿಯೇ ಬೇಡ. ಕಡಿಮೆ ಶಕ್ತಿಯಲ್ಲಿ ಯಾರು ಬೇಕಾದರೂ ಬಳಸಬಹುದು, ಪಕ್ಕದವರಿಂದ ತೊಂದರೆಯಾಯಿತೆಂದು ದೂರುವ ಹಾಗಿಲ್ಲ. ಅಲ್ಲಿ ಬದುಕುವ ಯಂತ್ರಗಳಿಗೆ ಒಂದು ನಡತೆಯನ್ನೂ ಕಲಿಸಿದ್ದಾರೆ. ಮಾತಾಡುವ ಮುನ್ನ ಕಿವಿಗೊಡಬೇಕು. ಬೇರೊಬ್ಬರ ಮಾತು ನಡೆಯುತ್ತಿದ್ದರೆ ಸುಮ್ಮನಿರಬೇಕು. ಅದು ಮುಗಿದ ಮೇಲೂ ಒಂದಿಷ್ಟು ಕಾಯಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆರೆಯಬಾರದೆಂದು ಈ ಕಾಯುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು. ದೊಮ್ಮಸಂದ್ರದ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಯಾವ ಮನೆಯೊಳಗೆ ನಿಂತರೂ ಹತ್ತಾರು ರೂಟರ್‌ಗಳ ಹೆಸರು ಕಾಣುತ್ತವೆ. ಅಷ್ಟೂ ಒಂದೇ ಗಾಳಿಯಲ್ಲಿ ನಡೆದುಕೊಂಡು ಹೋಗುತ್ತಿರುವುದು ಈ ತಾಳ್ಮೆಯಿಂದ.

ಗಾಳಿಯಲ್ಲಿ ಅಲೆ ಕಳಿಸುವ ಈ ವಿದ್ಯೆಯ ಮೊದಲ ದಿನಗಳಲ್ಲೇ ಒಬ್ಬ ಅಪರಿಗ್ರಹಿ ಇದ್ದಾರೆ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ ಗೋಡೆಯಾಚೆಗೆ ಅಲೆ ಕಳಿಸಿ ಗಂಟೆ ಬಾರಿಸಿ ತೋರಿಸಿದರು. ಪೇಟೆಂಟ್ ಮಾಡಿಸಿ ಲಾಭ ಮಾಡಿಕೊಳ್ಳಿ ಎಂದವರ ಮಾತಿಗೆ ಒಪ್ಪಲಿಲ್ಲ. ಹಿತೈಷಿಗಳ ಒತ್ತಾಯದಿಂದ 1904ರಲ್ಲಿ ಅಮೆರಿಕದ ಪೇಟೆಂಟೊಂದು ಅವರ ಹೆಸರಿಗೆ ಬಂತು. ಅದನ್ನೂ ಹಾಗೇ ಬಿಟ್ಟುಬಿಟ್ಟರು. ತರಗತಿಯಲ್ಲಿ ಈ ಕತೆ ಹೇಳಿದಾಗೆಲ್ಲ ಮಕ್ಕಳು, ‘ದುಡ್ಡು ಯಾಕೆ ಬೇಡ ಅಂದ್ರು ಮಿಸ್?’ ಎಂದು ಕೇಳುತ್ತಿದ್ದರು. ಪಠ್ಯಪುಸ್ತಕದ ಯಾವ ಪ್ರಶ್ನೆಗಿಂತಲೂ ಅದು ದೊಡ್ಡದು ಅನ್ನಿಸುತ್ತಿತ್ತು.

ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಕದಿಯಬಾರದೆಂಬ ಅಸ್ತೇಯವೂ ಇದೆ, ಇಟ್ಟುಕೊಳ್ಳುವುದಕ್ಕೆ ಮಿತಿ ಇರಬೇಕೆಂಬ ಅಪರಿಗ್ರಹವೂ ಇದೆ. ಮೊದಲನೆಯದು ತೆಗೆದುಕೊಳ್ಳುವವರಿಗೆ ಅನ್ವಯಿಸುತ್ತದೆ, ಎರಡನೆಯದು ಇರುವವರಿಗೆ. ಎರಡನ್ನೂ ಒಬ್ಬನೇ ಮನುಷ್ಯ ಹೊರಬೇಕು ಎಂಬುದು ಆ ವ್ರತಗಳ ಗಟ್ಟಿತನ. ನಾವಾದರೋ ಮೊದಲನೆಯದನ್ನು ಬಡವರಿಗೆ ಬೋಧಿಸಿ ಎರಡನೆಯದನ್ನು ಮರೆಯುತ್ತೇವೆ. ಇಂಟರ್‌ನೆಟ್ಟಿನ ವಿಷಯದಲ್ಲಿ ಈ ಮರೆವಿಗೆ ನೆಪವೂ ಇಲ್ಲ. ರಾಗಿಯಾದರೆ ಕಣಜದಲ್ಲಿ ಉಳಿಯುತ್ತದೆ, ನಾಳೆಗೆ ಬೇಕಾಗಬಹುದು ಎನ್ನಬಹುದು. ನಮ್ಮ ಮನೆಯದು ಮಿತಿಯಿಲ್ಲದ ಪ್ಲಾನು, ಸೆಕೆಂಡಿಗೆ 100 ಮೆಗಾಬಿಟ್. ರಾತ್ರಿ ನಾನು ಮಲಗಿದಾಗ ಬಳಸದೆ ಉಳಿದ ಒಂದು ಬಿಟ್ಟೂ ಬೆಳಗ್ಗೆ ನನ್ನ ಪಾಲಿಗೆ ಇರುವುದಿಲ್ಲ. ಆಯಾ ಕ್ಷಣಕ್ಕೇ ಕಳೆದುಹೋಗಿರುತ್ತದೆ. ಕೂಡಿಟ್ಟರೂ ಕೂಡದ ವಸ್ತುವನ್ನು ಕೊಡದೆ ಹಿಡಿದಿಟ್ಟರೆ ನನ್ನ ಬಳಿ ಉಳಿಯುವುದು ಏನು? ಕೊಡಲಿಲ್ಲ ಎಂಬುದೊಂದೇ.

ನಾನು ಇಷ್ಟು ಹಟದಿಂದ ಹೇಳುವುದಕ್ಕೆ 2020 ಕಾರಣ. ಶಾಲೆ ಮುಚ್ಚಿದ ಆ ವರ್ಷ ಶಿಕ್ಷಣ ಇಲಾಖೆ ‘ವಿದ್ಯಾಗಮ’ ಎಂಬ ಕಾರ್ಯಕ್ರಮ ಶುರು ಮಾಡಿತು. ಇಂಟರ್‌ನೆಟ್ ಇರುವ ಮಕ್ಕಳು, ಬರೀ ಫೋನ್ ಇರುವ ಮಕ್ಕಳು, ಏನೂ ಇಲ್ಲದವರು ಎಂದು ನಾವು ಮೇಷ್ಟರುಗಳು ಮನೆಮನೆಗೆ ಹೋಗಿ ಪಟ್ಟಿ ಮಾಡಿದೆವು. ಮೂರನೇ ಪಟ್ಟಿಯ ಮಕ್ಕಳಿಗೆ ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಪಾಠ. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಅದೂ ನಿಂತಿತು. ಮೂರನೇ ಪಟ್ಟಿಯ ಎಷ್ಟೋ ಮಕ್ಕಳ ಮನೆಯ ನೆತ್ತಿಯ ಮೇಲೇ ಯಾರದೋ ಫೈಬರ್ ಹಾದುಹೋಗುತ್ತಿತ್ತು. ಕೇಬಲ್ ನೋಡುತ್ತ ಅಲ್ಲಿ ನಿಂತವಳು ನಾನು.

ಹಾಗೆಂದು ಬಾಗಿಲು ಹಾರುಹೊಡೆದು ಬಿಡಿ ಎನ್ನುವುದಿಲ್ಲ. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ಕೆಲವೇ ನಿಮಿಷ ಮುಂಚೆ ಹೋದ ಬೆದರಿಕೆಯ ಇಮೇಲ್ ನವಿ ಮುಂಬೈಯಲ್ಲಿ ಯಾರದೋ ಬೀಗವಿಲ್ಲದ ವೈಫೈ ಮೂಲಕ ಹೋಗಿತ್ತು. ಏನೂ ಅರಿಯದ ಮನೆಯವರು ತನಿಖೆ ಎದುರಿಸಬೇಕಾಯಿತು. ಆದ್ದರಿಂದ ಬೀಗ ಬೇಕು. ಯಾರಿಗೆ, ಎಲ್ಲಿಯ ತನಕ ಎಂಬುದಷ್ಟೇ ಪ್ರಶ್ನೆ.

ಈಗಿನ ರೂಟರ್‌ಗಳಲ್ಲಿ ಅತಿಥಿಗಳಿಗೆಂದೇ ಬೇರೊಂದು ನೆಟ್‌ವರ್ಕ್ ಮಾಡುವ ಸೌಲಭ್ಯವಿದೆ. ಅದಕ್ಕೆ ಸೇರಿದವರಿಗೆ ಇಂಟರ್‌ನೆಟ್ ಸಿಗುತ್ತದೆ; ನಮ್ಮ ಪ್ರಿಂಟರ್, ಕ್ಯಾಮೆರಾ, ಕಂಪ್ಯೂಟರ್ ಯಾವುದೂ ಕಾಣುವುದಿಲ್ಲ. ಅದನ್ನು ಹೊಂದಿಸಿದ ಕೂಡಲೇ ಇದು ನಮ್ಮ ಜಗಲಿಯೇ ಅಂದುಕೊಂಡೆ. ಸೂರಿನ ಕೆಳಗೆ, ಹೊಸಿಲಿನ ಹೊರಗೆ. ದಾರಿಹೋಕರು ಕೂರಬಹುದು, ಮಲಗಬಹುದು, ಯಾರನ್ನೂ ಕೇಳಬೇಕಿಲ್ಲ. ಆದರೆ ಜಗಲಿಯ ಇನ್ನೊಂದು ಮುಖವೂ ನನಗೆ ಗೊತ್ತು. ಕೆಲವರು ಎಷ್ಟು ತಲೆಮಾರು ಬಂದುಹೋದರೂ ಒಳಗೆ ಕಾಲಿಡಲಿಲ್ಲ; ಕೆಲವರನ್ನು ಜಗಲಿಯ ಮೇಲೂ ಕೂರಿಸಲಿಲ್ಲ, ಅಂಗಳದಲ್ಲೇ ನಿಲ್ಲಿಸಿ ನೀರನ್ನು ಎತ್ತರದಿಂದ ಹೊಯ್ದರು. ನಮ್ಮ ಮನೆಯ ಜಗಲಿಯೂ ಹಾಗೇ ಇತ್ತು. ನಾನು ಮಾಡುತ್ತಿರುವುದೂ ಅದೇ ಆಗಬಾರದು. ಅದಕ್ಕೇ ಒಂದು ನಿಯಮ ಇಟ್ಟುಕೊಂಡೆ: ಅತಿಥಿಯ ನೆಟ್‌ವರ್ಕಿನ ವೇಗಕ್ಕೆ ಕಡಿವಾಣ ಹಾಕುವ ಸೌಕರ್ಯ ಇದ್ದರೂ ಹಾಕುವುದಿಲ್ಲ. ಮೈಸೂರಿನಿಂದ ಬರುವ ನನ್ನ ತಮ್ಮನೂ ಅದಕ್ಕೇ ಸೇರುತ್ತಾನೆ, ಎದುರುಸಾಲಿನವರೂ ಅದಕ್ಕೇ.

ಎದುರುಸಾಲಿನಲ್ಲಿ ಯಾದಗಿರಿ ಕಡೆಯ ಕುಟುಂಬವೊಂದಿದೆ. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಪಿಯುಸಿ ಓದುವ ಅವರ ಮಗಳಿಗೆ ಪಾಸ್‌ವರ್ಡ್ ಬರೆದುಕೊಟ್ಟೆ. ಚೀಟಿ ಮಡಚುತ್ತ ಅವಳು ಕೇಳಿದಳು: ‘ನಾವೇನು ನೋಡ್ತೀವಿ ಅಂತ ನಿಮಗ ಗೊತ್ತಾಗ್ತದೇನ್ರಿ?’

ಗೊತ್ತಾಗುತ್ತದೆ, ಒಂದು ಮಟ್ಟಕ್ಕೆ. ರೂಟರಿನ ಒಳಪುಟ ತೆರೆದರೆ ಯಾವ ಫೋನು ಎಷ್ಟು ಹೊತ್ತಿಗೆ ಸೇರಿತು, ಎಷ್ಟು ಡೇಟಾ ಎಳೆಯಿತು ಎಂದು ಸಾಲುಸಾಲಾಗಿ ಕಾಣುತ್ತದೆ. ಕೆಲವು ರೂಟರ್‌ಗಳಲ್ಲಿ ಯಾವ ತಾಣಕ್ಕೆ ಹೋದರೆಂಬುದೂ ತಿಳಿಯುತ್ತದೆ. ಅಲ್ಲಿ ಏನು ಓದಿದರು, ಏನು ಬರೆದರು ಎಂಬುದು ಸಾಮಾನ್ಯವಾಗಿ ಇಲ್ಲ. ಅವಳನ್ನು ಕೂರಿಸಿಕೊಂಡು ಆ ಪುಟ ತೋರಿಸಿದೆ. ತನ್ನ ಫೋನಿನ ಹೆಸರು ಕಂಡು ಅವಳ ಬೆರಳು ಅದರ ಮೇಲೆ ನಿಂತಿತು. ‘ರಾತ್ರಿ ಹನ್ನೆರಡಕ್ಕ ಹಚ್ಚಿದ್ರೂ ಗೊತ್ತಾಗ್ತದಲ್ರಿ’ ಅಂದಳು.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ ನನಗೆ ಆಗ ಬಿಡಿಸಿ ಕಂಡಿತು. ದಾನ ಕೊಟ್ಟವನು ಮೇಲಿರುತ್ತಾನೆ, ಪಡೆದವನ ಮೇಲೆ ಅವನ ಕಣ್ಣಿರುತ್ತದೆ: ಸದುಪಯೋಗ ಆಯಿತೋ, ನೆನೆದುಕೊಂಡನೋ. ಹನ್ನೆರಡನೇ ಶತಮಾನದ ಶರಣರು ದಾಸೋಹ ಎಂದು ನಡೆಸಿದಾಗ ಕೊಡುವವನನ್ನೇ ಆಳಿನ ಜಾಗದಲ್ಲಿ ನಿಲ್ಲಿಸಿದರು. ನನ್ನ ತಮ್ಮ ಸಿದ್ಧಗಂಗಾ ಮಠದಲ್ಲಿದ್ದು ಓದಿದವನು. ಅಲ್ಲಿ ಸಾವಿರಾರು ಮಕ್ಕಳ ಪಂಕ್ತಿಯಲ್ಲಿ ಕೂತು ಉಂಡಾಗ ಯಾರೂ ಜಾತಿ ಕೇಳಲಿಲ್ಲ, ಇನ್ನೊಂದು ಮುದ್ದೆ ಬೇಕೆಂದಾಗ ಯಾಕೆ ಅನ್ನಲಿಲ್ಲ ಎಂದು ಈಗಲೂ ಹೇಳುತ್ತಾನೆ. ವೈಫೈಯಲ್ಲಿ ದಾಸೋಹ ಎಂದರೆ ಪಾಸ್‌ವರ್ಡ್ ಕೊಡುವುದರ ಜೊತೆಗೆ ಆ ಪುಟ ತೆರೆಯದಿರುವುದು. ಕೊಡುವುದು ಸುಲಭ, ನೋಡಬಲ್ಲವಳಾಗಿದ್ದೂ ನೋಡದಿರುವುದು ಕಷ್ಟ. ದಿನಕ್ಕೊಮ್ಮೆ ಕೈ ಅತ್ತ ಹೋಗುತ್ತದೆ. ಇವತ್ತು ಕಂಪನಿಗಳು ಪುಕ್ಕಟೆ ಕೊಟ್ಟು ನಮ್ಮನ್ನು ನೋಡುತ್ತಲೇ ಇರುವುದಕ್ಕೆ ದಾನ ಎಂಬ ಹೆಸರೂ ಸಲ್ಲದು.

ಪಕ್ಕದ ಮನೆಯವರು ಇದನ್ನು ಒಪ್ಪಿಲ್ಲ. ‘ಕನೆಕ್ಷನ್ ನಿಮ್ಮ ಹೆಸರಲ್ಲಿದೆ. ಹೆಚ್ಚುಕಮ್ಮಿ ಆದರೆ ಪೊಲೀಸರು ನಿಮ್ಮ ಮನೆಗೇ ಬರೋದು. ನೋಡದೆ ಇರೋದು ಬೇಜವಾಬ್ದಾರಿ ಅಲ್ಲವಾ?’ ಎನ್ನುತ್ತಾರೆ. ಅವರ ಮಾತಿನಲ್ಲಿ ತೂಕವಿದೆ. ಅದಕ್ಕೇ ಮುಖಪರಿಚಯವಿಲ್ಲದವರಿಗೆ ಪಾಸ್‌ವರ್ಡ್ ಕೊಡುವುದಿಲ್ಲ, ಕೊಟ್ಟವರಿಗೆ ಬೇರೆಯವರಿಗೆ ಹೇಳಬೇಡಿ ಎಂದಿದ್ದೇನೆ. ಅಷ್ಟಾದ ಮೇಲೂ ಅಪಾಯ ಪೂರ್ತಿ ಹೋಗುವುದಿಲ್ಲ. ಉಳಿದಷ್ಟು ಅಪಾಯವನ್ನು ನಾನು ಹೊರಬೇಕು, ಆ ಹುಡುಗಿಯ ರಾತ್ರಿ ಹನ್ನೆರಡರ ಓದನ್ನು ಕದ್ದು ನೋಡಿ ಅದನ್ನು ಇಳಿಸಿಕೊಳ್ಳುವುದು ಸರಿಯಲ್ಲ ಎಂದು ಅವರಿಗೆ ಹೇಳಿದೆ. ಅವರು ತಮ್ಮ ಮಾತು ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಹೋದ ವಾರ ಅವರ ಮನೆಯ ನೆಟ್ ಕೈಕೊಟ್ಟಾಗ ಮಗನ ಪರೀಕ್ಷೆಯ ಫಾರಂ ತುಂಬಲು ಅದೇ ಅತಿಥಿಯ ಪಾಸ್‌ವರ್ಡ್ ಕೇಳಿಕೊಂಡು ಬಂದರು, ಕೊಟ್ಟೆ.