ಹೆದರಿದವರ ನೆನಪು ಪ್ರಮಾಣವೇ?

ನೆನಪನ್ನು ಜ್ಞಾನವೆಂದು ಒಪ್ಪಬಹುದೇ ಎಂಬುದು ನಮ್ಮ ದರ್ಶನಗಳ ಹಳೆಯ ಜಗಳ. ಸ್ಮೃತಿ ಹಿಂದಿನ ಅನುಭವದ ಸಂಸ್ಕಾರದಿಂದ ಹುಟ್ಟಿದ್ದು, ಅದಕ್ಕೆ ಸ್ವಂತ ಬಲವಿಲ್ಲ ಎಂದು ನೈಯಾಯಿಕರು ಅದನ್ನು ಪ್ರಮೆಯಿಂದ ಹೊರಗಿಟ್ಟರು. ಮಧ್ವರು ಒಪ್ಪಲಿಲ್ಲ, ಇದ್ದದ್ದನ್ನು ಇದ್ದಂತೆ ತಿಳಿಸುವುದಾದರೆ ನೆನಪೂ ಪ್ರಮಾಣವೇ ಎಂದರು. ನ್ಯಾಯಾಲಯಗಳು, ತಮಗೆ ಗೊತ್ತಿಲ್ಲದೆಯೇ, ಮಧ್ವರ ಪಕ್ಷ. ನನಗೂ ಅದೇ ಸರಿ ಅನ್ನಿಸುತ್ತದೆ, ನೆನಪನ್ನು ತಳ್ಳಿಹಾಕಿದರೆ ವ್ಯವಹಾರವೇ ನಿಂತುಹೋಗುತ್ತದೆ. ಆದರೆ ‘ಇದ್ದಂತೆ’ ಎಂಬ ಷರತ್ತು ಭಯದ ಹೊತ್ತಿನಲ್ಲಿ ಎಷ್ಟು ಉಳಿಯುತ್ತದೆ?

ಶತ್ರುವಿನ ಕೈಗೆ ಸಿಕ್ಕರೆ ತಾಳಿಕೊಳ್ಳುವುದು ಹೇಗೆಂದು ಕಲಿಸುವ ತರಬೇತಿ ಅಮೆರಿಕದ ಸೇನೆಯಲ್ಲಿದೆ. ಅಲ್ಲಿ 500ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅಣಕು ಸೆರೆಯಲ್ಲಿ ತಮ್ಮನ್ನು ಅರ್ಧ ಗಂಟೆಗೂ ಮೀರಿ ಎದುರೆದುರೇ ಗದರಿಸಿ ಕಾಡಿದವನನ್ನು, ಬಿಡುಗಡೆಯ ಮರುದಿನ ಸಾಲಿನಲ್ಲಿ ನಿಲ್ಲಿಸಿದಾಗ ಗುರುತಿಸಿದವರು ಶೇ. 30 ಮಾತ್ರ. ಅಷ್ಟು ಒತ್ತಡವಿಲ್ಲದೆ ವಿಚಾರಿಸಿದವನನ್ನು ಗುರುತಿಸಿದವರು ಶೇ. 62. ಲಂಡನ್ ಡಂಜನ್ ಎಂಬ ಭಯದ ಪ್ರದರ್ಶನಾಲಯದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಂತೂ ಅಲ್ಲಿ ತಮಗೆ ಎದುರಾದವನನ್ನು ಹೆಚ್ಚು ಆತಂಕಗೊಂಡವರ ಪೈಕಿ ಶೇ. 17 ಮಂದಿ ಸರಿಯಾಗಿ ಗುರುತಿಸಿದರೆ ಉಳಿದವರಲ್ಲಿ ಶೇ. 75. ಇವರಲ್ಲಿ ಯಾರಿಗೂ ಸುಳ್ಳು ಹೇಳುವ ಕಾರಣವಿರಲಿಲ್ಲ. ಇಲ್ಲಿ ಮಧ್ವರ ಇನ್ನೊಂದು ವಿಚಾರ ನೆರವಿಗೆ ಬರುತ್ತದೆ. ಸುಖದುಃಖಗಳಂಥ ಒಳಗಿನ ಅನುಭವವನ್ನು ನೇರವಾಗಿ ಅರಿಯುವುದು ಸಾಕ್ಷಿ, ಅದು ತಪ್ಪುವುದಿಲ್ಲ. ಹೊರಗಿನದನ್ನು ತಿಳಿಸುವ ಕಣ್ಣಿಗೂ ಮನಸ್ಸಿಗೂ ದೋಷ ತಟ್ಟುತ್ತದೆ. ‘ನಾನು ನಡುಗಿಹೋದೆ’ ಎಂಬುದು ಮೊದಲ ಬಗೆಯ ಅರಿವು, ‘ಇವನೇ ಅವನು’ ಎಂಬುದು ಎರಡನೆಯದು. ಮೊದಲನೆಯದರ ನಿಶ್ಚಯ ಎರಡನೆಯದಕ್ಕೆ ಹರಿದುಹೋಗುವುದೇ ಭಯಪಟ್ಟವರ ಸಾಕ್ಷ್ಯದ ಅಪಾಯ ಎಂದು ನನ್ನ ವಾದ.

ಇದಕ್ಕೆ ಗಟ್ಟಿ ಆಕ್ಷೇಪವೊಂದಿದೆ. ವ್ಯಾಂಕೂವರ್ ಬಳಿ ಬಂದೂಕಿನ ಅಂಗಡಿಯೊಂದರ ಹೊರಗೆ ನಡೆದ ಗುಂಡಿನ ಕಾಳಗವನ್ನು ಕಂಡ 13 ಜನರನ್ನು ನಾಲ್ಕೈದು ತಿಂಗಳ ಮೇಲೆ ಸಂಶೋಧಕರು ಮಾತಾಡಿಸಿದರು. 1986ರ ಆ ವರದಿಯ ಪ್ರಕಾರ ಅವರ ನೆನಪು ಅಚ್ಚರಿ ಹುಟ್ಟಿಸುವಷ್ಟು ನಿಖರವಾಗಿತ್ತು, ಹೆಚ್ಚು ತಲ್ಲಣಗೊಂಡವರದೂ ಕೂಡ. ಆದರೆ ಹೆಚ್ಚು ತಲ್ಲಣಗೊಂಡವರು ಘಟನೆಗೆ ತೀರ ಹತ್ತಿರದಲ್ಲಿದ್ದವರು. ಅಲ್ಲದೆ ಅವರು ಹೇಳಬೇಕಾಗಿದ್ದದ್ದು ಏನಾಯಿತು ಎಂಬುದನ್ನು; ಸಾಲಿನಲ್ಲಿ ನಿಂತ ಅಪರಿಚಿತ ಮುಖಗಳಿಂದ ಒಂದನ್ನು ಆರಿಸುವುದು ಬೇರೆಯೇ ಕೆಲಸ. ನೊಂದವರನ್ನು ಶಂಕಿಸುವುದು ಅವರಿಗೆ ಮಾಡುವ ಎರಡನೇ ಅನ್ಯಾಯವಲ್ಲವೇ ಎಂದೂ ಕೇಳಬಹುದು. ಅವರ ನೋವನ್ನು ಶಂಕಿಸಿದರೆ ಹೌದು. ಗುರುತನ್ನು ಪರೀಕ್ಷಿಸುವುದು ಹಾಗಲ್ಲ. ಸಂದೇಹ ಬಂದಲ್ಲಿ ಪರೀಕ್ಷೆಯಿಲ್ಲದೆ ಪ್ರಾಮಾಣ್ಯ ನಿಶ್ಚಯವಾಗದೆಂದು ದ್ವೈತಿಗಳೇ ಹೇಳುತ್ತಾರೆ. ಆ ಪರೀಕ್ಷೆಗೆ ತಕ್ಕ ಜಾಗ ಗುರುತು ಪತ್ತೆ ಪರೇಡ್: ನೆನಪು ಹಸಿಯಾಗಿರುವಾಗಲೇ, ಪತ್ರಿಕೆಯಲ್ಲಿ ಫೋಟೋ ಬರುವ ಮೊದಲೇ, ಹೋಲುವ ಹಲವರ ನಡುವೆ ನಡೆಯಬೇಕಾದದ್ದು. ನಮ್ಮ ಕಾನೂನಿನಲ್ಲಿ ಅದು ಪೂರಕ ಮಾತ್ರ, ಮೂಲ ಸಾಕ್ಷ್ಯವೆನಿಸುವುದು ನ್ಯಾಯಾಲಯದಲ್ಲಿ ತೋರಿಸಿದ ಗುರುತು. ಆ ಹೊತ್ತಿಗೆ ಎಷ್ಟೋ ವೇಳೆ ವರ್ಷಗಳು ಕಳೆದಿರುತ್ತವೆ, ಆರೋಪಿ ಎಲ್ಲಿ ನಿಲ್ಲುತ್ತಾನೆಂಬುದು ಸಭಾಂಗಣದಲ್ಲಿದ್ದ ಎಲ್ಲರಿಗೂ ಗೊತ್ತಿರುತ್ತದೆ.