ಬೆಚ್ಚಿದ ಹಕ್ಕಿ

ಅಂಜಿಕೆಯನ್ನು ಗೆಲ್ಲುವ ಬಗೆಗೆ ನಮ್ಮ ಹಿರಿಯರು ಹೇಳಿರುವ ಮಾತಿಗೆ ಕೊರತೆಯಿಲ್ಲ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಒಂದು ಕಥೆಯುಂಟು: ಸೃಷ್ಟಿಯ ಮೊದಲಲ್ಲಿ ಒಬ್ಬನೇ ಇದ್ದ ಪುರುಷನಿಗೆ ಭಯವಾಯಿತಂತೆ, ತಾನಲ್ಲದೆ ಎರಡನೆಯದೇ ಇಲ್ಲದಿರುವಾಗ ಭಯಕ್ಕೆ ಕಾರಣವೆಲ್ಲಿಯದೆಂದು ಆತ ವಿಚಾರ ಮಾಡಿದನಂತೆ, ಭಯ ಹೋಯಿತಂತೆ. ವಿಚಾರದಿಂದ ಹೋಗುವ ಭಯಕ್ಕೆ ಇದಕ್ಕಿಂತ ದೊಡ್ಡ ಮದ್ದು ಬೇಡ. ಆದರೆ ಲೋಕದಲ್ಲಿ ಕಾಣುವ ಭಯದಲ್ಲಿ ಬಹುಪಾಲು ವಿಚಾರದ ಮಾತಿಗೆ ಕಿವಿಗೊಡುವಂಥದಲ್ಲ. ತೊಟ್ಟಿಲ ಮಗು, ಜ್ವರ ತಲೆಗೇರಿದ ರೋಗಿ, ಮೂಕಪ್ರಾಣಿ, ಇವರ ಮುಂದೆ ವೇದಾಂತ ಹೇಳಿ ಫಲವೇನು? ಅಂಥ ಭಯದ ಎದುರಿಗೆ ನಮ್ಮ ಕರ್ತವ್ಯ ಯಾವುದು ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಒಂದು ಹಕ್ಕಿಯ ದೆಸೆಯಿಂದ.

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ನನ್ನ ಚಿಕ್ಕಮ್ಮನ ಮನೆಯಿದೆ. ಬಲ್ಲಾಳರಾಯನದುರ್ಗದ ಆಸುಪಾಸಿನ ಊರು. ಹೇಮಾವತಿ ಹುಟ್ಟುವುದು ಅಲ್ಲಿಯೇ. ಸುತ್ತ ಕಾಫಿ ತೋಟ, ಮಳೆಗಾಲದಲ್ಲಿ ಹಗಲಿಗೂ ಇರುಳಿಗೂ ಹೆಚ್ಚು ಭೇದವಿಲ್ಲದ ಮಬ್ಬು. ಎಪ್ಪತ್ತು ದಾಟಿದ ಚಿಕ್ಕಮ್ಮ ಆ ದೊಡ್ಡ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಬೆಂಗಳೂರಿನಲ್ಲಿದ್ದ ಮೊಮ್ಮಗ ಹೊರದೇಶದ ಕೆಲಸಕ್ಕೆ ಹೊರಟಾಗ ತಾನು ಸಾಕಿದ್ದ ಕಾಕಟೀಲ್ ಹಕ್ಕಿಯನ್ನು ಪಂಜರಸಹಿತ ಅಜ್ಜಿಯ ಕೈಗೊಪ್ಪಿಸಿ ಹೋದ. ಅದು ಆಸ್ಟ್ರೇಲಿಯದ ಜುಟ್ಟಿನ ಗಿಳಿ. ಬೂದು ಮೈ, ಹಳದಿ ಮುಖ, ಕೆನ್ನೆಗೆ ಕುಂಕುಮ ಇಟ್ಟಂತೆ ಕಿತ್ತಳೆಯ ಬೊಟ್ಟು. ನಮ್ಮ ಕಾಡಿನ ಗಿಳಿಗಳಿಗೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ; ಅವನ್ನು ಹಿಡಿಯುವುದೂ ಮಾರುವುದೂ ಅಪರಾಧ. ಆದ್ದರಿಂದ ಅಂಗಡಿಗಳಲ್ಲಿ ಈಗ ಸಿಗುವುದು ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಬೆಳೆದ ಪರದೇಶದ ಕುಲದವು. ನಮ್ಮ ಗಿಳಿಗೆ ದೊರೆತ ಬಿಡುಗಡೆಯ ಬೆಲೆಯನ್ನು ಇನ್ನೊಂದು ಗಿಳಿ ತೆರುತ್ತಿದೆಯೋ ಏನೋ!

ಹಗಲೆಲ್ಲ ಶಿಳ್ಳೆ ಹಾಕಿಕೊಂಡು, ಜುಟ್ಟು ನಿಮಿರಿಸಿಕೊಂಡು ನಲಿಯುವ ಹಕ್ಕಿ ನಡುರಾತ್ರಿಯಲ್ಲಿ ಇದ್ದಕ್ಕಿದ್ದಂತೆ ಹುಚ್ಚೆದ್ದು ಹಾರುತ್ತಿತ್ತು. ಅಟ್ಟದ ಮೇಲೆ ಇಲಿ ಓಡಿದರೆ ಸಾಕು, ಹಿತ್ತಲಲ್ಲಿ ಹಲಸಿನಕಾಯಿ ಬಿದ್ದರೆ ಸಾಕು, ತಿರುವಿನಲ್ಲಿ ಬಂದ ಜೀಪಿನ ದೀಪ ಗೋಡೆಯ ಮೇಲೆ ಹರಿದರೆ ಸಾಕು. ರೆಕ್ಕೆ ಸರಳಿಗೆ ಬಡಿಯುವುದು, ಕೆಳಗೆ ಬೀಳುವುದು, ಎದ್ದು ಮತ್ತೆ ಬಡಿಯುವುದು. ಹೊಸದಾಗಿ ಮೂಡುವ ಗರಿಯ ದಂಟಿನಲ್ಲಿ ರಕ್ತವಿರುತ್ತದೆ. ಅದು ಮುರಿದರೆ ಸಣ್ಣ ಹಕ್ಕಿಗೆ ಸಣ್ಣ ಗಾಯವಲ್ಲ. ನಾನು ಅಲ್ಲಿದ್ದ ಒಂದು ರಾತ್ರಿ ಪಂಜರದ ತಳದ ಕಾಗದದ ಮೇಲೆ ರಕ್ತದ ಹನಿಗಳನ್ನು ಕಂಡೆ. ಹಕ್ಕಿ ಮೂಲೆಯಲ್ಲಿ ಬಾಯಿ ತೆರೆದುಕೊಂಡು ಏದುತ್ತಿತ್ತು.

ಇದನ್ನು ಹಕ್ಕಿಯ ಹುಚ್ಚೆನ್ನುವುದು ಸುಲಭ. ಆದರೆ ಅದರ ಹುಟ್ಟೂರಿನಲ್ಲಿ ಇದೇ ಗುಣ ಅದರ ಕುಲವನ್ನು ಕಾಪಾಡಿದೆ. ಗುಂಪಾಗಿ ಬಾಳುವ ಹಕ್ಕಿಗಳಲ್ಲಿ ಒಂದು ಬೆಚ್ಚಿದರೆ ಎಲ್ಲವೂ ಏಳುತ್ತವೆ. ಯೋಚಿಸುತ್ತ ಕುಳಿತದ್ದು ಹಾವಿಗೋ ಗೂಬೆಗೋ ತುತ್ತಾಗುತ್ತದೆ. ನಮ್ಮ ಮಲೆನಾಡಿನ ಕಾಡಿನಲ್ಲಿಯೂ ಗಿಳಿಗಳು ತಮ್ಮ ರಾತ್ರಿಯ ವ್ಯವಸ್ಥೆಯನ್ನು ತಾವೇ ಮಾಡಿಕೊಳ್ಳುತ್ತವೆ. ಎಲೆಯಂತೆ ತಲೆಕೆಳಗಾಗಿ ನೇತುಬಿದ್ದು ನಿದ್ದೆಮಾಡುವ ಪುಟ್ಟ ಗಿಳಿಯೊಂದು ಇಲ್ಲಿಯೇ ಇದೆ. ಮಲಗುವ ಕೊಂಬೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಪಂಜರದ ಹಕ್ಕಿಗಿಲ್ಲ. ಆಕಾಶದಲ್ಲಿ ಅದನ್ನು ಬದುಕಿಸುತ್ತಿದ್ದ ಅಂಜಿಕೆಯೇ ಇಲ್ಲಿ ಅದರ ರೆಕ್ಕೆಯನ್ನು ಮುರಿಯುತ್ತದೆ. ತಪ್ಪು ಅಂಜಿಕೆಯದೋ, ಸರಳಿನದೋ?

ಸಲಹೆಗಳಿಗೇನು ಬರಗಾಲವಿರಲಿಲ್ಲ. ಪಕ್ಕದ ತೋಟದವರು ದಪ್ಪ ಕಂಬಳಿ ಹೊದಿಸಿಬಿಡಿ ಎಂದರು. ಹೊದಿಸಿದ್ದಾಯಿತು. ಸಂಜೆಗೇ ಸದ್ದಡಗಿತು, ಆದರೆ ಬೆಚ್ಚಿಬಿದ್ದಾಗ ಕುಳಿತಿದ್ದ ಕೋಲು ಎಲ್ಲಿದೆಯೆಂದು ಕಾಣದೆ ಹಕ್ಕಿಯ ಪಾಡು ಮೊದಲಿಗಿಂತ ಕೆಟ್ಟಿತು. ಕತ್ತಲೆಯಲ್ಲಿ ಅದರ ಕಣ್ಣಿಗೆ ಬಲ ಸಾಲದು. ನೆಂಟರ ಹುಡುಗನೊಬ್ಬ, ಆದರ್ಶವಾದಿ, ಪಂಜರದ ಬಾಗಿಲು ತೆಗೆದುಬಿಡಿ, ಸ್ವಾತಂತ್ರ್ಯವೇ ಮದ್ದು ಎಂದ. ಚಿಕ್ಕಮ್ಮ ಅವನ ಮುಖ ನೋಡಿ, “ಎಲ್ಲಿಗೆ ಹೋಗ್ತದೆ ಮಾರಾಯ? ಈ ಮಳೆಗೆ ನಮ್ಮ ಕಾಗೆಯೇ ತಡೀಲಾರದೆ ಕೊಟ್ಟಿಗೆ ಮಾಡಿಗೆ ಬರ್ತದೆ” ಎಂದರು. ನನಗೂ ಅದೇ ಸರಿಯೆಂದು ತೋರಿತು. ಹಾರಲು ಬಿಟ್ಟೆವೆಂಬ ಪುಣ್ಯ ನಮಗೆ, ಮರುದಿನ ಡೇಗೆಯ ಉಗುರು ಅದಕ್ಕೆ.

ಕೊನೆಗೆ ಪಶುವೈದ್ಯರ ಮಾತು ಕೇಳಿ ಚಿಕ್ಕಮ್ಮ ಮಾಡಿದ ಏರ್ಪಾಡು ಬಹಳ ಸಾಮಾನ್ಯವಾದದ್ದು. ಪಂಜರವನ್ನು ಕಿಟಕಿಯಿಂದ ತೆಗೆದು ಒಳಗೋಡೆಗೆ ತಂದರು. ಮೂರು ಕಡೆ ತೆಳುಬಟ್ಟೆ, ಒಂದು ಕಡೆ ತೆರವು. ತೂಗಾಡುವ ಗಂಟೆ, ಕನ್ನಡಿ ಎಲ್ಲ ರಾತ್ರಿ ಹೊರಕ್ಕೆ. ಪಕ್ಕದಲ್ಲಿ ಮಿಣುಕು ದೀಪ. ಮಳೆ ಹಿಡಿದರೆ ಜಾವಳಿಯಲ್ಲಿ ಕರೆಂಟನ್ನು ನಂಬುವಂತಿಲ್ಲ. ಉರಿಯುತ್ತಿದ್ದ ದೀಪ ತಟ್ಟನೆ ಆರಿದರೆ ಅದೇ ಇನ್ನೊಂದು ಬೆಚ್ಚು. ಸೀಮೆಎಣ್ಣೆ ಬುಡ್ಡಿಯ ಹೊಗೆ ಹಕ್ಕಿಯ ಶ್ವಾಸಕ್ಕೆ ಕೇಡು. ಬ್ಯಾಟರಿಯ ದೀಪವೇ ಆಗಬೇಕಾಯಿತು. ಬೆಚ್ಚಿದಾಗ ಕೈ ಒಳಗೆ ಹಾಕಬಾರದು. ಕೈಯೂ ಅದಕ್ಕೆ ಶತ್ರುವಾಗಿಯೇ ಕಾಣುತ್ತದೆ. ದೂರ ನಿಂತು ಮೆಲ್ಲನೆ ಮಾತಾಡಬೇಕು. ಅದು ಕೋಲೇರಿ ಕುಳಿತ ಮೇಲೆ ರೆಕ್ಕೆ ನೋಡಬೇಕು; ರಕ್ತವಿದ್ದರೆ ಮೆಕ್ಕೆಜೋಳದ ಹಿಟ್ಟು ಒತ್ತಬೇಕು, ನಿಲ್ಲದಿದ್ದರೆ ವೈದ್ಯರಲ್ಲಿಗೆ ಒಯ್ಯಬೇಕು. ಬೆಚ್ಚುವುದು ಪೂರ್ತಿ ನಿಲ್ಲಲಿಲ್ಲ. ಕಡಮೆಯಾಯಿತು. ರಕ್ತ ಕಾಣುವುದು ನಿಂತಿತು.

ಕಂಬಳಿಗೂ ದೀಪಕ್ಕೂ ಇರುವ ಅಂತರವನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಎರಡರ ಹಿಂದೆಯೂ ಮರುಕವಿದೆ ಎನ್ನೋಣ. ಆದರೆ ಕಂಬಳಿ ಸದ್ದನ್ನು ಅಡಗಿಸುತ್ತದೆ. ಸದ್ದಿನಿಂದ ನಿದ್ದೆಗೆಡುವವರು ನಾವು. ದೀಪ ನಮ್ಮ ನಿದ್ದೆಗೆ ಸ್ವಲ್ಪ ತೊಡಕೇ, ಕಾಣುವುದು ಹಕ್ಕಿಗೆ. ಅಂಜಿದವರನ್ನು ಸುಮ್ಮನಾಗಿಸುವುದನ್ನೇ ಸಮಾಧಾನವೆಂದು ನಾವು ಎಷ್ಟು ಕಡೆ ತಿಳಿದಿಲ್ಲ! ಅಳುವ ಮಗುವಿಗೆ ಗುಮ್ಮನ ಹೆಸರು ಹೇಳಿ ಬಾಯಿ ಮುಚ್ಚಿಸುತ್ತೇವೆ. ರಾತ್ರಿ ಎದ್ದು ಕೂಗುವ ಮುದುಕರಿಗೆ ಗುಳಿಗೆ ಕೊಟ್ಟು ಮಲಗಿಸುತ್ತೇವೆ. ಮನೆ ನಿಶ್ಶಬ್ದವಾದರೆ ಸಂಕಟ ತೀರಿತೆಂದು ಲೆಕ್ಕ.

ತರಗತಿಯಲ್ಲಿ ಒಂದನೆಯ ನಾಗವರ್ಮನ ‘ಕರ್ನಾಟಕ ಕಾದಂಬರಿ’ಯನ್ನು ಹೇಳುವಾಗ ಈಗ ನನ್ನ ಮನಸ್ಸು ಬೇರೊಂದು ಎಡೆಯಲ್ಲಿ ನಿಲ್ಲುತ್ತದೆ. ಬಾಣನ ಕಥೆಯನ್ನು ಕನ್ನಡಕ್ಕೆ ತಂದ ಆ ಚಂಪುವಿನಲ್ಲಿ ವೈಶಂಪಾಯನನೆಂಬ ಗಿಳಿ ಶೂದ್ರಕ ರಾಜನಿಗೆ ತನ್ನ ಕಥೆಯನ್ನು ಹೇಳುತ್ತದೆ. ಬೂರುಗದ ಮರದ ಪೊಟರೆ, ಬೇಡರ ದಾಳಿ, ರೆಕ್ಕೆಯಲ್ಲಿ ತನ್ನನ್ನು ಬಚ್ಚಿಟ್ಟುಕೊಂಡ ತಂದೆಯ ಸಾವು, ಒಣಗಿದೆಲೆಯ ಮೇಲೆ ಬಿದ್ದು ಉಳಿದ ಮರಿ. ಆ ಮರಿಯನ್ನು ಕಂಡ ಋಷಿಕುಮಾರ ಹಾರೀತ ಮೊದಲು ಮಾಡಿದ್ದೇನು? ಕೊಳದ ದಡಕ್ಕೊಯ್ದು ಕೊಕ್ಕಿಗೆ ನೀರಿನ ಹನಿ ಬಿಟ್ಟ, ನೆರಳಿನಲ್ಲಿಟ್ಟ. ಹಿಂದಿನ ಜನ್ಮದ ತತ್ತ್ವವೆಲ್ಲ ಜಾಬಾಲಿ ಮುನಿಯ ಬಾಯಿಂದ ಬಂದದ್ದು ಆಮೇಲೆ. ಜಾಬಾಲಿ, ಜಾವಳಿ: ಹೆಸರಿನ ಹೋಲಿಕೆಯಿಂದ ನಾನು ಯಾವ ಸ್ಥಳಪುರಾಣವನ್ನೂ ಕಟ್ಟಹೊರಟಿಲ್ಲ, ಹೋಲಿಕೆ ಕಿವಿಗೆ ಬಿದ್ದದ್ದಂತೂ ನಿಜ.

ಇಷ್ಟಾದರೂ ದೀಪವಿಟ್ಟದ್ದರಿಂದ ಪಂಜರ ನ್ಯಾಯವಾಯಿತೆ? ಆಗಲಿಲ್ಲವೆಂದೇ ನನ್ನ ಎಣಿಕೆ. ಹಾಗೆಂದು ಪಂಜರ ಅನ್ಯಾಯವೆಂದ ಮಾತ್ರಕ್ಕೆ ದೀಪವಿಡುವ ಹೊಣೆ ತಪ್ಪುವುದೂ ಇಲ್ಲ. ಕೂಡಿಹಾಕುವ ಕೈ ಒಬ್ಬರದು, ರಾತ್ರಿ ಎದ್ದು ಕೂರುವ ಕೈ ಇನ್ನೊಬ್ಬರದು ಆಗಿಬಿಡುವುದು ಇಲ್ಲಿಯ ತೊಡಕು. ಚಿಕ್ಕಮ್ಮ ಈ ಹಕ್ಕಿಯನ್ನು ಬಯಸಿ ತಂದವರಲ್ಲ. ಇನ್ನೊಬ್ಬರು ಮಾಡಿದ ಸಾಲವನ್ನು ಅವರು ದಿನಾ ರಾತ್ರಿ ತೀರಿಸುತ್ತಿದ್ದಾರೆ, ಗೊಣಗದೆ.

ಸಾಲದ ಅವಧಿಯೂ ಸಣ್ಣದಲ್ಲ. ಚೆನ್ನಾಗಿ ನೋಡಿಕೊಂಡರೆ ಈ ಜಾತಿಯ ಹಕ್ಕಿ ಹದಿನೈದು, ಇಪ್ಪತ್ತು ವರ್ಷ ಬದುಕುತ್ತದೆ. ಇದಕ್ಕೆ ಈಗ ನಾಲ್ಕು, ಚಿಕ್ಕಮ್ಮನಿಗೆ ಎಪ್ಪತ್ತಮೂರು. ಲೆಕ್ಕ ಅವರಿಗೂ ಗೊತ್ತು. ಈಚೆಗೆ ತೋಟದ ಕೆಲಸದಾಕೆಯ ಮಗಳನ್ನು ಸಂಜೆ ಕರೆದು ಪಂಜರದ ಪಕ್ಕ ಕೂರಿಸುತ್ತಾರೆ. ಏಳನೆಯ ತರಗತಿಯ ಹುಡುಗಿ; ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾಳೆ. ಹಕ್ಕಿಗೆ ಇನ್ನೊಂದು ದನಿಯ ಗುರುತಾಗಲಿ ಎಂದು. ತನಗೆ ಸಂಬಂಧವೇ ಇಲ್ಲದ ಈ ಹೊರೆಯನ್ನು ಬಡವರ ಮಗುವಿನ ಮೇಲೆ ಹೊರಿಸುವುದು ಸರಿಯೆ ಎಂದು ನಾನು ಕೇಳಿದೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಅವನಿಗೆ ನೀನೇ ಒಂದು ಕಾಗದ ಬರಿ” ಎಂದರು. ಮೊಮ್ಮಗನ ವಿಳಾಸ ತಂದುಕೊಂಡಿದ್ದೇನೆ.